ಇದು ತಾತನ ಜೀಪೇನಾ?



ಕಳೆದ ಬೇಸಿಗೆಯ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ನಮ್ಮ ಯುವಜನ ಸಂಘದ ಏಳೆಂಟು ಮಕ್ಕಳು ಅಗಳಿಯ ನಮ್ಮ ಮನೆಗೆ ಬಂದಿದ್ದರು. ಅವರು ನೋಡಲು ಬಂದದ್ದು ನನ್ನನ್ನಲ್ಲ, ಜೀಪನ್ನು. ಹಿತ್ತಲಿನ ಹುಣಸೆಮರದ ಕೆಳಗೆ ತಾತನ ಹಳೆಯ ಮಹೀಂದ್ರಾ ಜೀಪನ್ನು ದೊಡ್ಡಪ್ಪನೂ ನಾನೂ ಪೂರ್ತಿ ಬಿಚ್ಚಿ ಹರಡಿದ್ದೆವು. ಒಂದು ಕಡೆ ಚಾಸಿ, ಇನ್ನೊಂದು ಕಡೆ ಬಾಡಿ, ಗೋಣಿಚೀಲದ ಮೇಲೆ ಸಾಲಾಗಿ ನಟ್ಟು ಬೋಲ್ಟುಗಳು. ಯಾವುದು ಹಳೆಯದು, ಯಾವುದು ಹೊಸದು ಎಂದು ನಾನು ತೋರಿಸುತ್ತಾ ಹೋದೆ. ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೊನೆಗೆ ಕೇಳಿದ:

"ಅಕ್ಕಾ, ಇಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ತಳದ ತಗಡು ಬೇರೆ, ಸೀಟು ಬೇರೆ. ಹಿಂಗೆ ಎಲ್ಲಾ ಬದಲಾಯಿಸಿದ್ಮೇಲೆ ಇದು ನಿಮ್ಮ ತಾತನ ಜೀಪೇನಾ?"

ಎಲ್ಲರೂ ನಕ್ಕರು. ನಾನೂ ನಕ್ಕು, "ಹೂಂ ಕಣೋ, ಅದೇ ಜೀಪು" ಎಂದು ಹೇಳಿ ಮಕ್ಕಳಿಗೆ ಮಜ್ಜಿಗೆ ತರಲು ಒಳಗೆ ಹೋದೆ. ಒಂದೂವರೆ ತಿಂಗಳ ನಂತರ ಅದೇ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಮತ್ತೆ ಬಂತು. ಈ ಸಲ ಅದರ ಕೈಯಲ್ಲಿ ದುಡ್ಡಿತ್ತು. ಆಗ ಅಷ್ಟು ಸುಲಭವಾಗಿ ಉತ್ತರ ಹೇಳಲಾಗಲಿಲ್ಲ. ಅಂದಿನಿಂದ ಯೋಚಿಸಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಜೀಪಿನ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದನ್ನೇ ರೈತರಿಗೆ ಒಗ್ಗುವಂತೆ ಮಾಡಿ ಮಾರತೊಡಗಿತು. ನಮ್ಮ ದೇಶದಲ್ಲಿ 1945ರಲ್ಲಿ 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂಬ ಹೆಸರಿನಲ್ಲಿ ಒಂದು ಕಂಪನಿ ಶುರುವಾಗಿತ್ತು. ದೇಶ ವಿಭಜನೆಯಾದಾಗ ಪಾಲುದಾರರಾದ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಇದೇ ಕಂಪನಿ ವಿಲ್ಲಿಸ್‌ನಿಂದ ಪರವಾನಗಿ ಪಡೆದು ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು, ಆಮೇಲೆ ಇಲ್ಲೇ ತಯಾರಿಸಿತು.

ನಮ್ಮದು ಸಿಜೆ-3ಬಿ ಎಂಬ ಮಾದರಿ, 1971ರಲ್ಲಿ ನೋಂದಣಿಯಾದದ್ದು. ಅದರ ಬಾನೆಟ್ಟು ಹಿಂದಿನ ಜೀಪುಗಳಿಗಿಂತ ಎತ್ತರ. ಕಾರಣ, ಅದಕ್ಕೆ ಕೂರಿಸಿದ 'ಹರಿಕೇನ್' ಎಂಬ 2,199 ಸಿಸಿ ಪೆಟ್ರೋಲ್ ಇಂಜಿನ್. ಹಳೆಯ ಇಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ವಾಲ್ವ್, ಹೊಗೆ ಹೊರಗೆ ಹೋಗುವ ವಾಲ್ವ್ ಎರಡೂ ಬ್ಲಾಕಿನ ಪಕ್ಕದಲ್ಲಿದ್ದವು. ಇದರಲ್ಲಿ ಒಳಗೆ ಬರುವ ವಾಲ್ವನ್ನು ಮೇಲಿನ ಹೆಡ್ಡಿಗೆ ತಂದರು. ಶಕ್ತಿ ಹೆಚ್ಚಿತು, ಜೊತೆಗೆ ಇಂಜಿನ್ನಿನ ಎತ್ತರವೂ ಹೆಚ್ಚಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

ತಾತ ಒಂದು ಸರ್ಕಾರಿ ಇಲಾಖೆಯಲ್ಲಿ ಡ್ರೈವರ್ ಆಗಿದ್ದರು. ತಾವು ವರ್ಷಗಟ್ಟಲೆ ಓಡಿಸಿದ ಗಾಡಿಯನ್ನೇ 1984ರಲ್ಲಿ ಹರಾಜಿನಲ್ಲಿ ಕೊಂಡರು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಬಡವರ ಕೈಲಾಗುವ ಕೆಲಸವಾಗಿರಲಿಲ್ಲ. ಎಷ್ಟೋ ಜನ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ತಾತನೂ 1987ರಲ್ಲಿ ಹಾಗೆಯೇ ಮಾಡಿದರು. ಆರ್‌ಟಿಓ ಕಚೇರಿಗೆ ಮೂರು ಸಲ ಅಲೆದು ಆ ಬದಲಾವಣೆಯನ್ನು ಆರ್‌ಸಿ ಪುಸ್ತಕದಲ್ಲಿ ಬರೆಸಿದರಂತೆ. ಆಮೇಲೆ ಆ ಜೀಪು ಹೊಲದಿಂದ ಕಡಲೆಕಾಯಿ ಮೂಟೆ ತಂದಿತು, ಮಡಕಶಿರಕ್ಕೂ ಶಿರಾಕ್ಕೂ ಬಾಡಿಗೆಗೆ ಓಡಿತು, ಹೆರಿಗೆ ನೋವಿನ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿತು, ಕ್ರಿಸ್ಮಸ್ ರಾತ್ರಿ ಫಾದರ್ ಅವರನ್ನು ಹಳ್ಳಿಯಿಂದ ಹಳ್ಳಿಗೆ ಕರೆದೊಯ್ದಿತು. 1996ರಲ್ಲಿ ಭಾರಕ್ಕೆ ಚಾಸಿ ಮುಂದಿನ ಸ್ಪ್ರಿಂಗ್ ಹತ್ತಿರ ಬಿರುಕು ಬಿಟ್ಟಾಗ ದಪ್ಪ ಕಬ್ಬಿಣದ ಪಟ್ಟಿ ಇಟ್ಟು ವೆಲ್ಡ್ ಮಾಡಿಸಿದರು. 2011ರಲ್ಲಿ ತಾತ ತೀರಿಕೊಂಡರು. ಅಂದಿನಿಂದ ಜೀಪು ಹುಣಸೆಮರದ ಕೆಳಗೇ ನಿಂತಿತ್ತು.

ಅದನ್ನು ಗುಜರಿಗೆ ಹಾಕದೆ ಮತ್ತೆ ಓಡುವಂತೆ ಮಾಡಬೇಕೆಂದು ಹೊರಟಿದ್ದು ನಾನೇ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದವಳು, ತುಕ್ಕಿನ ಬಗ್ಗೆ ನನಗೆ ಎಲ್ಲಾ ಗೊತ್ತು ಎಂಬ ಜಂಬವೂ ಇತ್ತು. ಲಾರಿ ಓಡಿಸಿ ನಿವೃತ್ತರಾದ ದೊಡ್ಡಪ್ಪ ಜೊತೆಯಾದರು. ಹಿಂದೂಪುರದಿಂದ ಒಬ್ಬರು ಮೇಸ್ತ್ರಿಗಳು ವಾರಕ್ಕೊಮ್ಮೆ ಬಂದು ಹೇಳಿಕೊಟ್ಟು ಹೋಗುತ್ತಿದ್ದರು. ಮನೆಯಲ್ಲಿ ಕನ್ನಡ, ಬೋಲ್ಟು ತರಲು ಹೋದ ಅಂಗಡಿಯಲ್ಲಿ ತೆಲುಗು, ಮೇಸ್ತ್ರಿಗಳ ಬಾಯಲ್ಲಿ ಉರ್ದು, ಹಳೆಯ ಮ್ಯಾನುಯಲ್ ಪುಸ್ತಕದಲ್ಲಿ ಇಂಗ್ಲಿಷು. ಜೀಪಿಗೆ ನಾಲ್ಕೂ ಅರ್ಥವಾಗುತ್ತಿತ್ತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಸಂಘದ ಮಕ್ಕಳಿಗೆ ಬೇಗ ತೋರಿಸಬೇಕು, ಫೋಟೋ ತೆಗೆಯಬೇಕು ಎಂಬ ಆತುರದಲ್ಲಿ, ಬಾಗಿಲ ಕೆಳಗಿನ ತುಕ್ಕು ಹಿಡಿದ ಭಾಗವನ್ನು ಎಮರಿ ಕಾಗದದಿಂದ ಮೇಲೆ ಮೇಲೆ ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆದೆ. ನೋಡಲು ಚೆನ್ನಾಗಿಯೇ ಇತ್ತು. ದೊಡ್ಡಪ್ಪ ನೋಡಿದರು, ಏನೂ ಹೇಳಲಿಲ್ಲ. ಎರಡು ಮಳೆ ಬಿದ್ದ ಮೇಲೆ ಬಣ್ಣದ ಮೇಲೆ ಬೊಬ್ಬೆಗಳೆದ್ದವು. ಬೆರಳಿನಿಂದ ಒತ್ತಿದರೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬಂತು. ಕೆಳಗಿದ್ದ ತಗಡು ಜರಡಿಯಾಗಿತ್ತು.

ಪುಸ್ತಕದಲ್ಲಿ ಓದಿದ್ದು ಆಗ ನೆನಪಾಯಿತು. ಅಲ್ಯೂಮಿನಿಯಂ ಮೇಲೆ ಹುಟ್ಟುವ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಪದರ ಪದರವಾಗಿ ಏಳುತ್ತದೆ, ತನ್ನ ಕೆಳಗಿನ ಹೊಸ ಕಬ್ಬಿಣಕ್ಕೆ ಗಾಳಿ ನೀರು ತಗಲುವಂತೆ ದಾರಿ ಬಿಡುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿದರೆ ಒಳಗೆ ಸಿಕ್ಕಿಕೊಂಡ ತೇವ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಕೊಳೆತ ತಗಡನ್ನು ಕತ್ತರಿಸಿ ತೆಗೆದು 18 ಗೇಜಿನ ಹೊಸ ತಗಡು ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಹೊಡೆದು, ಆಮೇಲೆ ಬಣ್ಣ. ಸಣ್ಣ ಸಣ್ಣ ಬಿಡಿಭಾಗಗಳನ್ನು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿದ ಡ್ರಮ್ಮಿನಲ್ಲಿ ಎರಡು ವಾರ ನೆನೆಹಾಕಿದೆವು. ಕಾಕಂಬಿ ತುಕ್ಕನ್ನು ನಿಧಾನವಾಗಿ ಬಿಡಿಸುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ. ವಾಸನೆಗೆ ಮಾತ್ರ ಅಜ್ಜಿ ಬೈದದ್ದೇ ಬೈದದ್ದು. ನನ್ನ ಆತುರದ ಒಂದು ವಾರ ನಮ್ಮ ಎರಡು ತಿಂಗಳನ್ನು ತಿಂದಿತು.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅದು ಅವನೊಬ್ಬನ ಪ್ರಶ್ನೆಯಲ್ಲ, ಎರಡು ಸಾವಿರ ವರ್ಷಗಳಿಂದ ಜ್ಞಾನಿಗಳು ಕೇಳುತ್ತಾ ಬಂದಿರುವ ಪ್ರಶ್ನೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಂತೆ, ಥೀಸಿಯಸ್ ಎಂಬ ವೀರ ಮರಳಿ ಬಂದ ಹಡಗನ್ನು ಅಥೆನ್ಸಿನ ಜನ ಕಾಪಾಡಿಕೊಂಡು ಬಂದರು. ಹಲಗೆ ಕೊಳೆತಂತೆಲ್ಲಾ ತೆಗೆದು ಹೊಸದನ್ನು ಜೋಡಿಸುತ್ತಾ ಹೋದರು. ಅದು ಅದೇ ಹಡಗೋ ಬೇರೆಯದೋ ಎಂದು ತತ್ತ್ವಜ್ಞಾನಿಗಳು ಎರಡು ಗುಂಪಾದರು. 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲಾ ಯಾರಾದರೂ ಕೂಡಿಟ್ಟು, ಅವನ್ನೇ ಅದೇ ಕ್ರಮದಲ್ಲಿ ಜೋಡಿಸಿ ಹಡಗು ಮಾಡಿದರೆ, ಎರಡರಲ್ಲಿ ನಿಜವಾದದ್ದು ಯಾವುದು?

ನಮ್ಮ ನೆಲದಲ್ಲೂ ಈ ಮಾತು ನಡೆದಿದೆ. ಬೌದ್ಧರ 'ಮಿಲಿಂದಪನ್ಹ' ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷು ರಥದಲ್ಲಿ ಬಂದ ಮಿಲಿಂದ ರಾಜನನ್ನು ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ ಎನ್ನುತ್ತಾನೆ ರಾಜ. ಇವೆಲ್ಲಾ ಸೇರಿದಾಗ ನಾವು ಕರೆಯುವ ಹೆಸರು ರಥ, ಅಷ್ಟೇ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ನಮಗೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಗಡಿಯಲ್ಲಿ ಹುಟ್ಟಿದವರು ನಾವು. ನಮ್ಮ ಅಗಳಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಿಂದ ಆಂಧ್ರ ರಾಜ್ಯ, 1956ರ ನವೆಂಬರ್ 1ರಿಂದ ಆಂಧ್ರಪ್ರದೇಶ. ನಮ್ಮ ನೆರೆಯ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಅನಂತಪುರಕ್ಕೆ ಬಂತು. 2022ರ ಏಪ್ರಿಲ್‌ನಲ್ಲಿ ನಮ್ಮ ಮಡಕಶಿರವೇ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಬೆಂಗಳೂರಿಗೆ ಕೆಲಸಕ್ಕೆ ಹೋದರೆ 'ಆಂಧ್ರದವರಾ?' ಎನ್ನುತ್ತಾರೆ, ಅನಂತಪುರಕ್ಕೆ ಹೋದರೆ 'ಕರ್ನಾಟಕದವರಾ?' ಎನ್ನುತ್ತಾರೆ. ಅಜ್ಜಿಯನ್ನು ಕೇಳಿದರೆ ಊರು ಎಲ್ಲಿಗೂ ಹೋಗಿಲ್ಲ, ಬೋರ್ಡು ಮಾತ್ರ ಬದಲಾಗಿದೆ ಎನ್ನುತ್ತಾರೆ. ಆದ್ದರಿಂದ ಬಿಡಿಭಾಗ ಬದಲಾದರೂ ಜೀಪು ಅದೇ ಎನ್ನಲು ನನಗೆ ಕಷ್ಟವಿರಲಿಲ್ಲ.

ಕಷ್ಟ ಬಂದದ್ದು ಬೆಂಗಳೂರಿನಿಂದ ಒಬ್ಬರು ಜೀಪು ನೋಡಲು ಬಂದಾಗ. ಅಷ್ಟರಲ್ಲಿ ಬಾಡಿ ಕೂರಿಸಿ ಆಗಿತ್ತು, ಇಂಜಿನ್ ಸದ್ದು ಮಾಡುತ್ತಿತ್ತು. ಅವರು ಸುತ್ತ ನಾಲ್ಕು ಸಲ ತಿರುಗಿದರು, ಕೆಳಗೆ ಬಗ್ಗಿ ನೋಡಿದರು, ಆರ್‌ಸಿ ಪುಸ್ತಕ ತಿರುವಿದರು. ಆಮೇಲೆ ಒಂದು ಬೆಲೆ ಹೇಳಿದರು. ದೊಡ್ಡಪ್ಪ ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟರು.

ಅದರ ಹಿಂದೊಂದು ಷರತ್ತಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನೋಂದಣಿ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಗ್ರೀಕರು ಎರಡು ಗುಂಪಾದ ಪ್ರಶ್ನೆಗೆ ನಮ್ಮ ಸಾರಿಗೆ ಇಲಾಖೆ ತನ್ನ ಕೆಲಸಕ್ಕೆ ಬೇಕಾದಷ್ಟು ಉತ್ತರವನ್ನು ಹೀಗೆ ಬರೆದಿಟ್ಟಿದೆ. ನಮ್ಮ ಜೀಪಿಗೆ ವಯಸ್ಸು ಸಾಕಷ್ಟಿತ್ತು, ಮೂಲರೂಪ ಇರಲಿಲ್ಲ.

"ಅದೊಂದು ಸಮಸ್ಯೆನೇ ಅಲ್ಲ" ಎಂದರು ಬಂದವರು. ಹಳೆಯ ಹರಿಕೇನ್ ಇಂಜಿನ್ ಒಂದು ಅವರ ಬಳಿ ಇದೆ. ಅದನ್ನು ಕೂರಿಸಿ, ಅದರ ಮೇಲಿನ ನಂಬರ್ ಉಜ್ಜಿ, 1971ರ ಮೂಲ ನಂಬರನ್ನೇ ಅದರ ಮೇಲೆ ಹೊಡೆಸಬಹುದು. ಚಾಸಿಯ ವೆಲ್ಡನ್ನು ನುಣ್ಣಗೆ ಉಜ್ಜಿ ಬಣ್ಣ ಹೊಡೆದರೆ ಯಾರಿಗೂ ತಿಳಿಯುವುದಿಲ್ಲ. ಆರ್‌ಸಿಯಲ್ಲಿ ಇರುವ ಡೀಸೆಲ್ ದಾಖಲೆಯನ್ನು 'ನೋಡಿಕೊಳ್ಳುವವರು' ಇದ್ದಾರೆ. ನಾವು ಮಾಡಬೇಕಾದದ್ದು ಇಷ್ಟೇ: ಇಂಜಿನ್ ಎಂದೂ ಬದಲಾಗಿಲ್ಲ ಎಂದು ಮಾರಾಟದ ಕಾಗದದಲ್ಲಿ ಬರೆದು ಸಹಿ ಹಾಕುವುದು.

ಅವರು ಹೇಳಿದ ಬೆಲೆಗೂ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಿದರೆ ಸಿಗುವ ಬೆಲೆಗೂ ನಡುವಿನ ವ್ಯತ್ಯಾಸ ನನ್ನ ತಮ್ಮನ ನರ್ಸಿಂಗ್ ಕೋರ್ಸಿನ ಎರಡು ವರ್ಷದ ಫೀಸಿನಷ್ಟಿತ್ತು. ಆ ವರ್ಷ ಮಳೆ ಕೈಕೊಟ್ಟು ಕಡಲೆಕಾಯಿ ಬಿತ್ತಿದ ಖರ್ಚೂ ಹುಟ್ಟಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಹೊಟ್ಟೆ ತುಂಬಿದವರಿಗೆ ಸತ್ಯ ಹೇಳುವುದು ಸುಲಭ.

ಅಂದು ರಾತ್ರಿ ಊಟಕ್ಕೆ ಕೂತಾಗ ಮೊದಲು ಜಾರಿದ್ದು ದೊಡ್ಡಪ್ಪನಲ್ಲ, ನಾನು. ನನ್ನ ವಾದ ಹೀಗಿತ್ತು: "ದೊಡ್ಡಪ್ಪ, 'ಮೂಲ' ಅಂದ್ರೆ ಏನು? ಟೈರು ಮೂಲದ್ದಲ್ಲ, ವೈರಿಂಗ್ ಮೂಲದ್ದಲ್ಲ. ನಮ್ಮ ಮೈಯಲ್ಲಿರೋ ಕಣಗಳೇ ಬದಲಾಗ್ತಾ ಇರ್ತವೆ. ಯಾವುದೂ ಮೂಲ ಅಲ್ಲ ಅಂದ್ಮೇಲೆ, ಮೂಲ ಅಂತ ಕರೆದ್ರೆ ತಪ್ಪೇನು? ಅದೂ ಕೊಳ್ಳೋರಿಗೇ ಎಲ್ಲಾ ಗೊತ್ತು. ಯಾರಿಗೆ ಮೋಸ?"

ಪ್ಲುಟಾರ್ಕನನ್ನೂ ನಾಗಸೇನನನ್ನೂ ನನ್ನ ಪರವಾಗಿ ಸಾಕ್ಷಿಗೆ ಕರೆದಿದ್ದೆ. ದೊಡ್ಡಪ್ಪ ಅನ್ನ ಕಲಸುತ್ತಾ ಹೇಳಿದರು: "ಅದೆಲ್ಲಾ ನಂಗೊತ್ತಿಲ್ಲ ಕಣಮ್ಮ. ಇಂಜಿನ್ ಬದಲಾಯ್ಸಿದ್ದು ನಿಜ ತಾನೆ? ನಮ್ಮಪ್ಪ ಬರೆಸಿದ್ದನ್ನ ನಾನು ಅಳಿಸ್ಲಾ?"

ನನ್ನ ವಾದ ಎಲ್ಲಿ ಮುರಿಯಿತೆಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು. ನಾನು ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೆ. 'ಇದು ಅದೇ ಜೀಪೇ?' ಎಂಬುದು ಒಂದು ಪ್ರಶ್ನೆ. ಅದಕ್ಕೆ ನೀವು ಹೌದೆನ್ನಬಹುದು, ಅಲ್ಲವೆನ್ನಬಹುದು, 'ಅದೇ' ಎಂಬ ಮಾತಿನ ಅರ್ಥವನ್ನೇ ಪ್ರಶ್ನಿಸಬಹುದು. 'ಈ ಜೀಪಿನ ಇಂಜಿನ್ 1987ರಲ್ಲಿ ಬದಲಾಯಿತೇ?' ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಒಂದೇ ಉತ್ತರ. ಮೊದಲ ಪ್ರಶ್ನೆ ಬಗೆಹರಿಯುವುದಿಲ್ಲ ಎಂಬ ನೆಪದಲ್ಲಿ ಎರಡನೆಯದಕ್ಕೂ ಇಷ್ಟ ಬಂದ ಉತ್ತರ ಕೊಡಬಹುದೆಂದು ನಾನು ನನ್ನನ್ನೇ ನಂಬಿಸಿಕೊಳ್ಳಲು ಹೊರಟಿದ್ದೆ. ಅಥೆನ್ಸಿನವರು ಹಲಗೆ ಬದಲಾಯಿಸಿದ್ದನ್ನು ಬಚ್ಚಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಅದರ ಮೇಲೆ ವಾದ ಹುಟ್ಟಿತು. ಬಚ್ಚಿಟ್ಟಿದ್ದರೆ ತತ್ತ್ವಜ್ಞಾನಕ್ಕೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ.

'ಯಾರಿಗೆ ಮೋಸ?' ಎಂಬ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ಕೊಳ್ಳುವವರಿಗೆ ಎಲ್ಲಾ ಗೊತ್ತಿತ್ತು, ಅವರಿಗೆ ಮೋಸವಾಗುತ್ತಿರಲಿಲ್ಲ. ಆದರೆ ಜೀಪು ಅವರಲ್ಲೇ ನಿಲ್ಲುವುದಿಲ್ಲ. ಅವರಿಂದ ಮತ್ತೊಬ್ಬರು, ಅವರಿಂದ ಮಗದೊಬ್ಬರು ಕೊಳ್ಳುತ್ತಾರೆ. ನುಣ್ಣಗೆ ಉಜ್ಜಿದ ಚಾಸಿಯ ಆ ಜಾಗ ಒಂದು ದಿನ ಘಾಟಿನ ಇಳಿಜಾರಿನಲ್ಲಿ ಬಿರುಕು ಬಿಟ್ಟರೆ, ಸ್ಟೇರಿಂಗ್ ಹಿಡಿದವನಿಗೆ ಅಲ್ಲೊಂದು ಹಳೆಯ ಗಾಯವಿತ್ತೆಂದು ಹೇಳಲು ಯಾರೂ ಇರುವುದಿಲ್ಲ. ನಮ್ಮ ಸಹಿಯನ್ನು ನಂಬಿ ಕೂತವನು ಅವನು. ನಮಗೆ ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಎದುರಿಗೆ ಇಲ್ಲದವನಿಗೂ ನಾವು ಸತ್ಯದ ಸಾಲಗಾರರೇ.

ಹಾಗಾದರೆ ಬಣ್ಣ ಹೊಡೆಯುವುದೇ ಸುಳ್ಳೇ? ಡೆಂಟು ತೆಗೆಯುವುದು ತಪ್ಪೇ? ಇದನ್ನು ಸಂಘದ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬಣ್ಣ ಎರಡು ಕೆಲಸ ಮಾಡಬಲ್ಲದು. ಶುದ್ಧ ಮಾಡಿದ ಕಬ್ಬಿಣದ ಮೇಲೆ ಹೊಡೆದ ಬಣ್ಣ ಅದನ್ನು ಕಾಯುತ್ತದೆ. ತುಕ್ಕಿನ ಮೇಲೆ ಹೊಡೆದ ಬಣ್ಣ ತುಕ್ಕನ್ನು ಕಾಯುತ್ತದೆ. ಡಬ್ಬಿ ಒಂದೇ, ಬ್ರಷ್ಷೂ ಒಂದೇ. ನಾನು ಕಂಡುಕೊಂಡ ಪರೀಕ್ಷೆ ಇದು: ಮಾಡಿದ ಕೆಲಸವನ್ನು, ಅದನ್ನು ನಂಬಿ ಕೂರುವವನ ಮುಂದೆ ಪೂರ್ತಿಯಾಗಿ ಹೇಳಬಲ್ಲೆನೇ? 'ಇಲ್ಲಿ ತಗಡು ಕತ್ತರಿಸಿ ಹೊಸದು ಹಾಕಿದ್ದೇವೆ, ಮೇಲೆ ಬಣ್ಣ ಹೊಡೆದಿದ್ದೇವೆ' ಎಂದು ಹೇಳಿದರೆ ನನ್ನ ಕೆಲಸಕ್ಕೆ ಬೆಲೆ ಕಡಿಮೆಯಾಗಬಹುದು, ಆದರೆ ಕೆಲಸ ಕೆಡುವುದಿಲ್ಲ. 'ಇಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದೇನೆ' ಎಂದು ಹೇಳಿದ ಕೂಡಲೇ ಆ ಕೆಲಸ ಅಲ್ಲೇ ಮುಗಿಯಿತು. ಹೇಳಿದರೆ ಬಾಳದ ಕೆಲಸವನ್ನು ದುರಸ್ತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪಾಸ್ಕದ ನಂತರದ ಭಾನುವಾರ ನಾವು ಕೇಳುವ ಸಂತ ಯೊವಾನ್ನರ ಶುಭಸಂದೇಶದ ಭಾಗ ಇದನ್ನು ಬರೆಯುವಾಗ ಮತ್ತೆ ಮತ್ತೆ ನೆನಪಾಯಿತು. ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರ ಮುಂದೆ ಬಂದಾಗ ಅವರ ಕೈಗಳಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು. ಹೊಸ ಜೀವ, ಆದರೆ ಗಾಯದ ಗುರುತು ಅಳಿಸಿರಲಿಲ್ಲ. ತೋಮನು ತನ್ನ ಗುರುವನ್ನು ಗುರುತಿಸಿದ್ದು ಆ ಗುರುತಿನಿಂದಲೇ. ಜೀಪಿನ ವೆಲ್ಡಿಗೂ ಅದಕ್ಕೂ ಹೋಲಿಕೆ ಮಾಡುವಷ್ಟು ಧೈರ್ಯ ನನಗಿಲ್ಲ. ಹೊಸದಾಗುವುದಕ್ಕೆ ಹಳೆಯ ಗಾಯವನ್ನು ಇಲ್ಲವೆನ್ನಬೇಕಾಗಿಲ್ಲ ಎಂಬುದನ್ನು ಮಾತ್ರ ಅಲ್ಲಿಂದ ಕಲಿತೆ.

ಇದು ಗಾಡಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ನಿಮಗೂ ಅನ್ನಿಸಿರಬಹುದು. ನಮ್ಮ ಹುಡುಗ ಹುಡುಗಿಯರು ಸಂದರ್ಶನಕ್ಕೆ ಹೋಗುವಾಗ ಒಂದು ವರ್ಷ ಫೇಲಾದದ್ದನ್ನು ಮುಚ್ಚಿ ಬರೆಯುತ್ತಾರೆ. ಹೆಣ್ಣು ಗಂಡು ನೋಡುವಾಗ ಮನೆಯ ಸಾಲವನ್ನು, ಕಾಯಿಲೆಯನ್ನು ಮುಚ್ಚುತ್ತೇವೆ. ಅಣ್ಣತಮ್ಮಂದಿರ ಜಗಳದ ಮೇಲೆ ಹಬ್ಬದ ದಿನ ನಗುವಿನ ಬಣ್ಣ ಹೊಡೆದು ಫೋಟೋ ತೆಗೆಸಿಕೊಳ್ಳುತ್ತೇವೆ. ಒಳಗಿನ ತೇವ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಎಲ್ಲವನ್ನೂ ಎಲ್ಲರ ಮುಂದೆ ಬಿಚ್ಚಿಡಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮ ಗಾಯಗಳನ್ನು ಬೀದಿಯಲ್ಲಿ ಹೋಗುವವರಿಗೆಲ್ಲಾ ತೋರಿಸಬೇಕಾಗಿಲ್ಲ. ಆದರೆ ನಮ್ಮ ಗಾಡಿಯಲ್ಲಿ ಕೂರುವವರಿಗೆ, ನಮ್ಮನ್ನು ನಂಬಿ ಪಯಣ ಮಾಡುವವರಿಗೆ, ತಿಳಿಯುವ ಹಕ್ಕಿದೆ.

ಹಳೆಯದನ್ನೆಲ್ಲಾ ಉಳಿಸಲೇಬೇಕೆಂಬ ಹಠವೂ ನನಗಿಲ್ಲ. ಜಗದ್ಗುರು ಫ್ರಾನ್ಸಿಸ್ ಅವರು 2015ರ ತಮ್ಮ 'ಲೌದಾತೋ ಸೀ' ಪತ್ರದಲ್ಲಿ ಬಳಸಿ ಬಿಸಾಡುವ ನಮ್ಮ ಅಭ್ಯಾಸವನ್ನು ಎತ್ತಿ ತೋರಿಸಿದಾಗ, ನನ್ನ ಜೀಪು ಆ ಕಡೆಗೆ ಒಂದು ಸಣ್ಣ ಉತ್ತರ ಎಂದು ಹೆಮ್ಮೆಪಟ್ಟಿದ್ದೆ. ಸತ್ಯ ಹೇಳಬೇಕೆಂದರೆ ಹಳೆಯ ಡೀಸೆಲ್ ಇಂಜಿನ್ ಹೊಗೆ ಉಗುಳುತ್ತದೆ. ಅದನ್ನು ದಿನವೂ ಓಡಿಸುವುದು ಪ್ರಕೃತಿಗೆ ಉಪಕಾರವೇನಲ್ಲ. ತಿಂಗಳಿಗೆ ಒಂದೆರಡು ಸಲ ಮಾತ್ರ ಹೊರಗೆ ತೆಗೆಯುತ್ತೇವೆ. ಇದನ್ನೂ ಮುಚ್ಚಿಟ್ಟರೆ ಮೇಲೆ ಬರೆದದ್ದೆಲ್ಲಾ ಪುಟ್ಟಿಯಾಗುತ್ತದೆ.

ಮುಂದೆ ಏನಾಯಿತು? ದೊಡ್ಡಪ್ಪ ಬೆಂಗಳೂರಿನವರಿಗೆ ಫೋನ್ ಮಾಡಿ, "ಇಲ್ಲ ಸರ್, ಅಂಗೆ ಬರ್ಕೊಡಕಾಗಲ್ಲ" ಎಂದರು. ಅವರು ಮತ್ತೆ ಫೋನ್ ಮಾಡಲಿಲ್ಲ. ಅಜ್ಜಿಯ ಓಲೆಗಳನ್ನು ಅಡವಿಟ್ಟು ತಮ್ಮನ ಮೊದಲ ವರ್ಷದ ಫೀಸು ಕಟ್ಟಿದೆವು. ಓಲೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ. ಭಾನುವಾರ ಪೂಜೆಯಲ್ಲಿ ಅಜ್ಜಿಯ ಬರಿಯ ಕಿವಿ ಕಂಡಾಗಲೆಲ್ಲಾ, ನನ್ನ ಸತ್ಯದ ಬೆಲೆಯನ್ನು ಬೇರೊಬ್ಬರು ಕೊಟ್ಟರಲ್ಲ ಎಂದು ಚುಚ್ಚುತ್ತದೆ. ಒಮ್ಮೆ ಅದನ್ನೇ ಹೇಳಿದ್ದಕ್ಕೆ ಅಜ್ಜಿ, "ಓಲೆ ಎಲ್ಲೈತೆ ಅಂತ ನಂಗೆ ಗೊತ್ತಲ್ಲ, ಬ್ಯಾಂಕಲ್ಲೈತೆ. ಸುಮ್ನೆ ಕೂತ್ಕಾ" ಎಂದರು.

ಆರ್‌ಸಿ ನವೀಕರಣ ಮಾಡಿಸಬೇಕಿತ್ತು. 15 ವರ್ಷ ದಾಟಿದ ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ವಿಂಟೇಜ್ ಎಂದಲ್ಲ, 1987ರಲ್ಲಿ ಡೀಸೆಲ್‌ಗೆ ಬದಲಾದ ಒಂದು ಹಳೆಯ ಜೀಪು ಎಂದೇ ಅರ್ಜಿ ಬರೆದುಕೊಟ್ಟೆವು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾನು ಜೀಪಿನ ಲೆಕ್ಕ ಬರೆದಿದ್ದೇನೆ: ಯಾವ ಭಾಗ ಯಾವ ವರ್ಷ ಬದಲಾಯಿತು, ಬಿರುಕು ಎಲ್ಲಿ ಬಿಟ್ಟಿತ್ತು, ನಾನು ಎಲ್ಲಿ ಪುಟ್ಟಿ ಮೆತ್ತಿ ಎಲ್ಲಿ ಬಿಚ್ಚಿ ತೆಗೆದೆ, ಎಲ್ಲವೂ ಅದರಲ್ಲಿದೆ. ಆ ಪುಸ್ತಕ ಜೀಪಿನಲ್ಲೇ ಇರುತ್ತದೆ. ಮುಂದೊಂದು ದಿನ ಮಾರಿದರೆ ಕೀಲಿಕೈಯ ಜೊತೆಗೆ ಅದನ್ನೂ ಕೊಡುತ್ತೇವೆ. ಚಾಸಿಯ ವೆಲ್ಡನ್ನು ಉಜ್ಜಲಿಲ್ಲ. ತುಕ್ಕು ಹಿಡಿಯದಂತೆ ಅದರ ಮೇಲೂ ಬಣ್ಣ ಹೊಡೆದಿದ್ದೇವೆ, ಉಬ್ಬು ಮಾತ್ರ ಕೈಗೆ ತಗಲುತ್ತದೆ.

ಮೊನ್ನೆ ಆ ಒಂಬತ್ತನೇ ತರಗತಿಯ ಹುಡುಗ ಮತ್ತೆ ಬಂದಿದ್ದ. ಈಗ ಹತ್ತನೇ ತರಗತಿ. ಬಾನೆಟ್ಟು ಎತ್ತಿ, "ಅಕ್ಕಾ, ಇಂಜಿನ್ ಮೇಲೆ ಇಷ್ಟೊಂದು ಜಾಗ ಯಾಕೆ ಖಾಲಿ ಇದೆ?" ಎಂದು ಕೇಳಿದ. ಅಲ್ಲಿ ಮೊದಲಿದ್ದ ಎತ್ತರದ ಪೆಟ್ರೋಲ್ ಇಂಜಿನ್ನಿನ ಕಥೆ ಹೇಳಿದೆ, ತಾತ ಯಾಕೆ ಅದನ್ನು ಇಳಿಸಿದರೆಂದೂ ಹೇಳಿದೆ. ನೋಟ್‌ಬುಕ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಎರಡು ಪುಟ ಓದಿ, "ಹಂಗಾದ್ರೆ ಇದು ತಾತನ ಜೀಪೇ" ಎಂದ.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವನೇ ಓದಿ ತೀರ್ಮಾನಿಸಿದನಲ್ಲ, ಅಷ್ಟು ಸಾಕು.

ನಿಮ್ಮ ಮನೆಯ ಹಿತ್ತಲಿನಲ್ಲೂ ಬಿಚ್ಚಿ ನೋಡಬೇಕಾದ ಏನಾದರೂ ನಿಂತಿರಬಹುದು. ಬಣ್ಣದ ಡಬ್ಬಿ ತೆಗೆಯುವ ಮೊದಲು ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ದೇವರು ನಮ್ಮೆಲ್ಲರಿಗೂ ಆ ಧೈರ್ಯ ಕೊಡಲಿ.

ಧರ್ಮಕೇಂದ್ರದ ಯುವಜನ ಸಂಯೋಜಕಿ